ಗಡಿಯಾಚೆಯ ಅನುದಾನ, ಹಳ್ಳಿಯೊಳಗಿನ ನಿರ್ಧಾರ: ಕರ್ನಾಟಕದ ಸ್ವಯಂಸೇವಾ ಸಂಸ್ಥೆಗಳ ಚರಿತ್ರೆಯ ಒಂದು ಅಧ್ಯಾಯ

ಏಕೀಕರಣೋತ್ತರ ಕರ್ನಾಟಕದ ಸಾಮಾಜಿಕ ಚರಿತ್ರೆಯ ಬರವಣಿಗೆಯಲ್ಲಿ ಸರ್ಕಾರದ ಯೋಜನೆಗಳಿಗೂ ಜನಚಳವಳಿಗಳಿಗೂ ದೊರೆತಿರುವ ಗಮನ ಸ್ವಯಂಸೇವಾ ಸಂಸ್ಥೆಗಳಿಗೆ ದೊರೆತಿಲ್ಲ. ಹೊರದೇಶಗಳ ಸಂಸ್ಥೆಗಳೊಡನೆ ಅವು ನಡೆಸಿದ ಸಹಭಾಗಿತ್ವವನ್ನಂತೂ ಚರಿತ್ರೆಯ ವಿಷಯವೆಂದು ಪರಿಗಣಿಸಿದ್ದು ವಿರಳ. ಈ ಮಾತು ಬಂದಾಗಲೆಲ್ಲ ಎರಡು ನಿಲುವುಗಳು ಎದುರಾಗುತ್ತವೆ. ಪರದೇಶದ ಹಣ ಬಂದಲ್ಲಿ ಸ್ವಾಯತ್ತತೆ ಹೋಗುತ್ತದೆ ಎಂಬುದು ಒಂದು. ಹಣವಿಲ್ಲದೆ ಸೇವೆ ಸಾಗದು, ಅದು ಎಲ್ಲಿಂದ ಬಂದರೇನು ಎಂಬುದು ಇನ್ನೊಂದು. ಎರಡೂ ನಿಲುವುಗಳು ಹಣದ ಮೂಲವನ್ನಷ್ಟೇ ನೋಡುತ್ತವೆ. ಬಂದ ಹಣದ ಬಳಕೆಯನ್ನು ನಿರ್ಧರಿಸಿದವರು ಯಾರು, ಯೋಜನೆ ಎಡವಿದಾಗ ದಾರಿ ಬದಲಿಸುವ ಅಧಿಕಾರ ಯಾರಲ್ಲಿತ್ತು ಎಂಬ ಪ್ರಶ್ನೆಗಳು ಬದಿಗೆ ಸರಿಯುತ್ತವೆ. ಈ ಪ್ರಶ್ನೆಗಳನ್ನು ಮುಖ್ಯವಾಗಿ ಮೈರಾಡ ಸಂಸ್ಥೆಯ ಚರಿತ್ರೆಯ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಚರಿತ್ರೆಯ ಆರಂಭ ಟಿಬೆಟಿಯನ್ ನಿರಾಶ್ರಿತರ ಆಗಮನದಲ್ಲಿದೆ. 1959ರಲ್ಲಿ ದಲೈಲಾಮಾ ಅವರು ಭಾರತಕ್ಕೆ ಬಂದ ಮೇಲೆ ಸಾವಿರಾರು ಟಿಬೆಟಿಯನ್ನರು ಗಡಿ ದಾಟಿದರು. ಅವರನ್ನು ನೆಲೆಗೊಳಿಸಲು ಭೂಮಿ ಕೊಡಬೇಕೆಂದು ಪ್ರಧಾನಿ ನೆಹರೂ ರಾಜ್ಯಗಳನ್ನು ಕೇಳಿಕೊಂಡಾಗ ಮುಂದೆ ಬಂದ ರಾಜ್ಯಗಳಲ್ಲಿ ಮೈಸೂರು ಪ್ರಮುಖವಾದುದು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರಲ್ಲಿ ಸುಮಾರು 3,000 ಎಕರೆ ಪ್ರದೇಶದಲ್ಲಿ ಮೊದಲ ವಸತಿ ಆರಂಭವಾಯಿತು. 1966ರಲ್ಲಿ ಉತ್ತರ ಕನ್ನಡದ ಮುಂಡಗೋಡಿನಲ್ಲಿ, 1970ರ ದಶಕದಲ್ಲಿ ಹುಣಸೂರಿನ ಗುರುಪುರ ಮತ್ತು ಕೊಳ್ಳೇಗಾಲದ ಒಡೆಯರಪಾಳ್ಯಗಳಲ್ಲಿ ಇತರ ವಸತಿಗಳು ತಲೆಯೆತ್ತಿದವು. ಭೂಮಿ ರಾಜ್ಯದ್ದು, ಕಾಡು ಕಡಿದು ಉಳುಮೆಗೆ ಹದಗೊಳಿಸಲು, ಮನೆ ಕಟ್ಟಲು, ನೀರು ಒದಗಿಸಲು ಬೇಕಾದ ಹಣದ ಒಂದು ಪಾಲು ಯುರೋಪ್ ಮತ್ತು ಅಮೆರಿಕದ ನೆರವು ಸಂಘಗಳಿಂದ ಬಂದಿತು. ಬೇಸಾಯ ಮಾತ್ರ ನಿರಾಶ್ರಿತರದೇ ಆಗಿತ್ತು.

ಈ ಮೂವರ ನಡುವೆ ಸೇತುವೆಯಾಗಲು 1968ರಲ್ಲಿ ಹುಟ್ಟಿದ ಸಂಸ್ಥೆಯೇ ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಮೈರಾಡ ಎಂಬ ರೂಪ ಬಳಕೆಗೆ ಬಂದಿತು. ಬೆಂಗಳೂರನ್ನು ಕೇಂದ್ರವಾಗಿರಿಸಿಕೊಂಡ ಈ ಸಂಸ್ಥೆಯ ಮೊದಲ ಹತ್ತು ವರ್ಷಗಳು ಬಹುಪಾಲು ಟಿಬೆಟಿಯನ್ನರ ಪುನರ್ವಸತಿಗೇ ಮೀಸಲಾದವು. ಇಂಥ ಸಂಸ್ಥೆ ತನ್ನ ಕೆಲಸ ಮುಗಿದಾಗ ಮುಚ್ಚಿಹೋಗುವುದು ಸಹಜ. ಮೈರಾಡ ಮಾತ್ರ ತನ್ನ ಅನುಭವವನ್ನು ಸುತ್ತಲಿನ ಗ್ರಾಮಗಳ ಬಡವರತ್ತ ತಿರುಗಿಸಿತು. 1980ರ ದಶಕದ ಆರಂಭದಿಂದ, ಅಲೋಶಿಯಸ್ ಪ್ರಕಾಶ್ ಫರ್ನಾಂಡಿಸ್ ಅವರ ನೇತೃತ್ವದಲ್ಲಿ, ಗ್ರಾಮೀಣ ಬಡಕುಟುಂಬಗಳೇ ಅದರ ಕಾರ್ಯಕ್ಷೇತ್ರವಾದವು.

ಅನುದಾನದ ಚರಿತ್ರೆಯ ದೃಷ್ಟಿಯಿಂದ ಮುಖ್ಯವಾದ ಘಟ್ಟ 1984-85ರದು. ಆವರೆಗೆ ಮೈರಾಡ ತನ್ನ ಯೋಜನಾ ಪ್ರದೇಶಗಳಲ್ಲಿ ದೊಡ್ಡ ಸಹಕಾರ ಸಂಘಗಳನ್ನು ಪ್ರೋತ್ಸಾಹಿಸಿ, ಅವುಗಳ ಮೂಲಕ ಸಾಲ ವಿತರಿಸುತ್ತಿತ್ತು. ಹಲವು ಹಳ್ಳಿಗಳ, ಹಲವು ಜಾತಿಗಳ, ಬೇರೆ ಬೇರೆ ಸ್ಥಿತಿಗತಿಗಳ ಜನ ಒಂದೇ ಸಂಘದಲ್ಲಿದ್ದರು. ಮುಖಂಡರ ಮೇಲಿನ ವಿಶ್ವಾಸ ಕುಸಿಯಿತು, ಆಡಳಿತ ಸಡಿಲವಾಯಿತು, ಸಂಘಗಳು ಒಡೆದವು. ಕಾಗದದ ಮೇಲೆ ಇದು ಯೋಜನೆಯ ಸೋಲು. ಆದರೆ ಒಡೆದ ಸಂಘಗಳ ಸದಸ್ಯರು ಚಿಕ್ಕ ಚಿಕ್ಕ ಗುಂಪುಗಳಾಗಿ ಬಂದು, ತಾವು ಪಡೆದ ಸಾಲವನ್ನು ಮೈರಾಡಕ್ಕೆ ಮರಳಿಸಲು ಸಿದ್ಧ, ಸಹಕಾರ ಸಂಘಕ್ಕೆ ಮಾತ್ರ ಮರಳಿಸಲಾರೆವು ಎಂದು ತಿಳಿಸಿದರು. ಹಾಗಿದ್ದರೆ ಆ ಹಣವನ್ನು ನಿಮ್ಮ ಗುಂಪಿಗೇ ಏಕೆ ಮರಳಿಸಬಾರದು ಎಂದು ಸಂಸ್ಥೆ ಸೂಚಿಸಿತು. ಪರಸ್ಪರ ನಂಬಿಕೆಯಿದ್ದ ಹದಿನೈದು ಇಪ್ಪತ್ತು ಮಂದಿ ವಾರಕ್ಕೊಮ್ಮೆ ಸೇರಿ, ಉಳಿತಾಯ ಕೂಡಿಸಿ, ಬಡ್ಡಿಯನ್ನೂ ದಂಡವನ್ನೂ ತಾವೇ ಗೊತ್ತುಮಾಡಿ, ತಮ್ಮೊಳಗೇ ಸಾಲ ಕೊಟ್ಟುಕೊಳ್ಳುವ ಪದ್ಧತಿ ಇಲ್ಲಿಂದ ರೂಪುಗೊಂಡಿತು. ಮೊದಲಿಗೆ ಇವುಗಳಿಗೆ ಸಾಲ ನಿರ್ವಹಣಾ ಗುಂಪುಗಳೆಂಬ ಹೆಸರಿತ್ತು. ಮುಂದೆ ಸ್ವಸಹಾಯ ಸಂಘಗಳೆಂಬ ಹೆಸರು ರೂಢಿಗೆ ಬಂದಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಗುಂಪುಗಳು ಯಾವ ದಾನಿಯ ಯೋಜನಾ ಪತ್ರದಲ್ಲಿಯೂ ಇರಲಿಲ್ಲ. ಯೋಜಿಸಿದ್ದು ಮುರಿದಾಗ ಜನರ ಮಾತಿನಿಂದ ಅವು ಹುಟ್ಟಿದವು. ಕೊಟ್ಟ ಹಣಕ್ಕೆ ಮೊದಲೇ ಬರೆದ ಫಲವನ್ನೇ ತೋರಿಸಬೇಕೆಂಬ ಕಟ್ಟುನಿಟ್ಟಿದ್ದರೆ, ಸಂಸ್ಥೆ ಬಿದ್ದ ಸಹಕಾರ ಸಂಘಗಳನ್ನೇ ಎತ್ತಿ ನಿಲ್ಲಿಸಲು ಹೆಣಗಬೇಕಾಗುತ್ತಿತ್ತು. ಅದೇ ದಶಕದಲ್ಲಿ ಗುಲಬರ್ಗಾ ಜಿಲ್ಲೆಯಲ್ಲಿ ರಾಜ್ಯ ಸರ್ಕಾರ, ಸ್ವಿಟ್ಜರ್ಲೆಂಡಿನ ಅಭಿವೃದ್ಧಿ ಸಹಕಾರ ಇಲಾಖೆ ಮತ್ತು ಮೈರಾಡ ಒಟ್ಟಾಗಿ ಕೈಗೊಂಡ ಜಲಾನಯನ ಯೋಜನೆಯೂ ಜನರ ಭಾಗವಹಿಸುವಿಕೆಯನ್ನೇ ತನ್ನ ಹೆಸರಿನಲ್ಲಿ ಹೊತ್ತಿತ್ತು.

1987ರಲ್ಲಿ ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿ ಬ್ಯಾಂಕ್, ಅಂದರೆ ನಬಾರ್ಡ್, ಈ ಗುಂಪುಗಳ ಉಳಿತಾಯಕ್ಕೆ ಸಮನಾಗಿ ಹಣ ಸೇರಿಸಿ ಪ್ರಯೋಗ ನಡೆಸಲು ಮೈರಾಡಕ್ಕೆ 10 ಲಕ್ಷ ರೂಪಾಯಿಗಳ ಅನುದಾನ ನೀಡಿತು. ಮೊತ್ತ ದೊಡ್ಡದಲ್ಲ; ಹೊರದೇಶದ್ದೂ ಅಲ್ಲ. ಆದರೆ ಗಡಿಯಾಚೆಯ ನೆರವಿನ ಆಸರೆಯಲ್ಲಿ ಬೆಳೆದ ಸಂಸ್ಥೆಯೊಂದರ ಪ್ರಯೋಗ ದೇಶದ ಸಾರ್ವಜನಿಕ ವ್ಯವಸ್ಥೆಗೆ ದಾಟಿದ್ದು ಇದರ ಮೂಲಕ. 1991ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕಿನ ಸುತ್ತೋಲೆ ಹೊರಟಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ನಬಾರ್ಡ್‌ನ ಪ್ರಾಯೋಗಿಕ ಯೋಜನೆ ಆರಂಭವಾಯಿತು. ನೋಂದಣಿಯಿಲ್ಲದ ಗುಂಪಿಗೆ ಖಾತೆ, ಜಾಮೀನಿಲ್ಲದೆ ಇಡೀ ಗುಂಪಿಗೆ ಸಾಲ, ಯಾರಿಗೆ ಎಷ್ಟು ಎಂಬ ನಿರ್ಧಾರ ಗುಂಪಿನದೇ, ಇವು ಬ್ಯಾಂಕಿಂಗ್ ಸಂಪ್ರದಾಯಕ್ಕೆ ಹೊಸವು. 2000ದಲ್ಲಿ ಕರ್ನಾಟಕ ಸರ್ಕಾರ ಸ್ತ್ರೀಶಕ್ತಿ ಯೋಜನೆಯನ್ನು ಜಾರಿಗೊಳಿಸಿದಾಗ ಈ ಮಾದರಿ ರಾಜ್ಯದ ಎಲ್ಲ ಜಿಲ್ಲೆಗಳಿಗೂ ತಲುಪಿತು. ಆ ವಿಸ್ತರಣೆಯಲ್ಲಿ ನಷ್ಟವೂ ಇತ್ತು. ಗುರಿ ನಿಗದಿಪಡಿಸಿ ಸಂಘ ರಚಿಸಹೊರಟಾಗ, ಸದಸ್ಯರ ನಡುವೆ ಮೊದಲೇ ಇರಬೇಕಾದ ನಂಟನ್ನು ನೋಡುವ ವ್ಯವಧಾನ ಎಲ್ಲೆಡೆ ಉಳಿಯಲಿಲ್ಲ.

ಸಾಂಸ್ಕೃತಿಕ ಕ್ಷೇತ್ರದ ಒಂದು ನಿದರ್ಶನ ಈ ವಾದಕ್ಕೆ ಪೂರಕವಾಗಿದೆ. 1949ರಲ್ಲಿ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಮ್, ಫೋರ್ಡ್ ಪ್ರತಿಷ್ಠಾನದ ನೆರವಿನಿಂದ 1980ರ ದಶಕದ ಮೊದಲರ್ಧದಲ್ಲಿ ಜನಸ್ಪಂದನ ಎಂಬ ಯೋಜನೆಯಡಿ ನಾಟಕ ಮತ್ತು ಚಲನಚಿತ್ರ ಸಂಸ್ಕೃತಿಯನ್ನು ರಾಜ್ಯದ ಹಳ್ಳಿ ಪಟ್ಟಣಗಳಿಗೆ ಒಯ್ದಿತು. ಅದರ ಬೆನ್ನಿಗೇ, 1985ರಲ್ಲಿ, ತಿರುಗಾಟ ಆರಂಭವಾಯಿತು. ಊರೂರಿನ ಸ್ಥಳೀಯ ಸಂಘಟಕರನ್ನೂ ಪ್ರೇಕ್ಷಕರನ್ನೂ ನೆಚ್ಚಿಕೊಂಡ ಈ ತಿರುಗಾಟ ಯೋಜನೆಯ ಅವಧಿ ಮುಗಿದ ಮೇಲೂ ನಿಲ್ಲಲಿಲ್ಲ. ಯಾವ ನಾಟಕ ಆಡಬೇಕು, ಎಲ್ಲಿ ಆಡಬೇಕು ಎಂಬುದು ಹೆಗ್ಗೋಡಿನ ನಿರ್ಧಾರವಾಗಿತ್ತು.

ಮತ್ತೊಂದು ಬಗೆಯನ್ನು ಬೆಂಗಳೂರು ದಕ್ಷಿಣದ ವಸಂತಪುರದಲ್ಲಿ ಕಾಣಬಹುದು. 2000ದಲ್ಲಿ ಬೆಂಗಳೂರಿನ ಐದು ಶಾಲೆಗಳ 1,500 ಮಕ್ಕಳಿಗೆ ಊಟ ನೀಡುವುದರೊಂದಿಗೆ ಆರಂಭವಾದ ಅಕ್ಷಯಪಾತ್ರೆ ಪ್ರತಿಷ್ಠಾನದ ದೊಡ್ಡ ಅಡುಗೆಮನೆಗಳಲ್ಲಿ ಒಂದು ಇಲ್ಲಿದೆ. ಇದರ ಬುನಾದಿ ಸರ್ಕಾರದ ಬಿಸಿಯೂಟ ಯೋಜನೆಯ ಧಾನ್ಯ ಮತ್ತು ಅಡುಗೆ ವೆಚ್ಚ. ಕೊರತೆಯನ್ನು ತುಂಬುವುದು ದಾನಿಗಳು. ಅಮೆರಿಕ ಮತ್ತು ಬ್ರಿಟನ್ನುಗಳಲ್ಲಿ ಅದೇ ಹೆಸರಿನ ಸಂಸ್ಥೆಗಳು ದೇಣಿಗೆ ಸಂಗ್ರಹಿಸುತ್ತವೆ. ಇಲ್ಲಿ ದಾನಿಸಂಸ್ಥೆ ಪರಕೀಯವಲ್ಲ, ಅದೇ ಕಾರ್ಯದ ಇನ್ನೊಂದು ಅಂಗ.

ಇಂಥ ಸಹಭಾಗಿತ್ವಗಳ ಬಗ್ಗೆ ಶಂಕೆ ಹೊಸದಲ್ಲ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆ ಬಂದಿತು. 1982ರಲ್ಲಿ ಗಾಂಧಿ ಶಾಂತಿ ಪ್ರತಿಷ್ಠಾನ ಮುಂತಾದ ಸಂಸ್ಥೆಗಳ ವಿಚಾರಣೆಗೆ ಕುದಾಲ್ ಆಯೋಗ ನೇಮಕವಾಯಿತು. 1984ರ ತಿದ್ದುಪಡಿಯಿಂದ ಗೃಹ ಸಚಿವಾಲಯದಲ್ಲಿ ನೋಂದಣಿ ಕಡ್ಡಾಯವಾಯಿತು. ಅದೇ ವರ್ಷ ಪ್ರಕಾಶ್ ಕಾರಟ್ ಅವರು ಎಡಪಕ್ಷದ ನೆಲೆಯಿಂದ ಸ್ವಯಂಸೇವಾ ಗುಂಪುಗಳ ವಿದೇಶಿ ಹಣವನ್ನು ಸಾಮ್ರಾಜ್ಯಶಾಹಿಯ ತಂತ್ರದ ಭಾಗವೆಂದು ವಿಶ್ಲೇಷಿಸಿದರು. ಪರಸ್ಪರ ವಿರೋಧಿಗಳಾಗಿದ್ದವರೂ ಈ ಒಂದು ಶಂಕೆಯಲ್ಲಿ ಸಮೀಪವಿದ್ದರು. ಲೆಕ್ಕಪತ್ರದ ಶಿಸ್ತು ಅಗತ್ಯವೆಂಬುದರಲ್ಲಿ ಎರಡು ಮಾತಿಲ್ಲ.

ಹಳೆಯ ಕಾಯಿದೆಯ ಸ್ಥಾನದಲ್ಲಿ 2010ರ ಹೊಸ ಕಾಯಿದೆ ಬಂದು, ನೋಂದಣಿಯನ್ನು ಐದು ವರ್ಷಗಳಿಗೊಮ್ಮೆ ನವೀಕರಿಸಬೇಕಾಯಿತು. 2020ರ ತಿದ್ದುಪಡಿ ಮೂರು ಮುಖ್ಯ ಬದಲಾವಣೆಗಳನ್ನು ತಂದಿತು. ಮೊದಲನೆಯದಾಗಿ, ವಿದೇಶಿ ವಂತಿಗೆಯೆಲ್ಲ ದೆಹಲಿಯ ಭಾರತೀಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಎರಡನೆಯದಾಗಿ, ಆಡಳಿತ ವೆಚ್ಚದ ಮಿತಿ ಶೇ. 50ರಿಂದ ಶೇ. 20ಕ್ಕೆ ಇಳಿಯಿತು. ಮೂರನೆಯದಾಗಿ, ಪಡೆದ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. 2022ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಈ ತಿದ್ದುಪಡಿಗಳನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು.

ಚರಿತ್ರೆಯ ವಿದ್ಯಾರ್ಥಿಗೆ ಈ ಮೂರನೆಯ ನಿರ್ಬಂಧವೇ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಬೆಂಗಳೂರಿನ ದೊಡ್ಡ ಸಂಸ್ಥೆಯೊಂದು ಹೊರದೇಶದ ಸಹಭಾಗಿಗೆ ವರದಿ ಬರೆಯಬಲ್ಲದು, ಲೆಕ್ಕ ಒಪ್ಪಿಸಬಲ್ಲದು. ತಾಲ್ಲೂಕಿನ ಚಿಕ್ಕ ಸಂಸ್ಥೆಗೆ ಆ ಭಾಷೆಯೂ ಸಿಬ್ಬಂದಿಯೂ ಇರುವುದಿಲ್ಲ; ದೊಡ್ಡದರ ಮೂಲಕವೇ ಅದಕ್ಕೆ ಅನುದಾನ ತಲುಪುತ್ತಿತ್ತು. ಆ ಕೊಂಡಿ ಕಳಚಿದಾಗ ಕಡಿಮೆಯಾಗುವುದು ಹಣದ ಹರಿವೊಂದೇ ಅಲ್ಲ. ನಿರ್ಧಾರವೂ ಹಳ್ಳಿಯಿಂದ ದೂರ ಸರಿಯುತ್ತದೆ. ಸ್ಥಳೀಯ ಸಂಸ್ಥೆ ಸಹಭಾಗಿಯಾಗಿ ಉಳಿಯದೆ ಫಲಾನುಭವಿಗಳ ಪಟ್ಟಿಗೆ ಸೇರುತ್ತದೆ.

ಮೈರಾಡದ ಸಂಘಗಳಾಗಲಿ ನೀನಾಸಮ್‌ನ ತಿರುಗಾಟವಾಗಲಿ ಉಳಿದದ್ದು ಅನುದಾನ ಮುಂದುವರಿದುದರಿಂದಲ್ಲ. ಅನುದಾನವಿದ್ದಾಗಲೇ ಕೆಲಸದ ಯಜಮಾನಿಕೆ ಅದನ್ನು ಮಾಡುವವರ ಕೈಗೆ ಬಂದಿತ್ತು. 1984-85ರಲ್ಲಿ ಒಡೆದ ಸಹಕಾರ ಸಂಘಗಳ ಸದಸ್ಯರು ಹೇಳಿದ್ದನ್ನು ಕೇಳಿಸಿಕೊಳ್ಳುವ ಸ್ವಾತಂತ್ರ್ಯ ಒಂದು ಸಂಸ್ಥೆಗಿತ್ತು. ಆ ಸ್ವಾತಂತ್ರ್ಯವನ್ನು ಅದರ ದಾನಿಗಳು ಕಸಿದುಕೊಳ್ಳಲಿಲ್ಲ. ಮುಂದಿನ ಸಂಶೋಧಕರು ಅನುದಾನದ ಮೊತ್ತಗಳ ಪಟ್ಟಿಯ ಜೊತೆಗೆ, ಜಿಲ್ಲೆ ಜಿಲ್ಲೆಗಳ ಸಂಘಗಳ ಸಭಾ ನಡಾವಳಿ ಪುಸ್ತಕಗಳನ್ನೂ ಆಕರಗಳೆಂದು ಸಂಗ್ರಹಿಸಬೇಕಾಗಿದೆ. ಯಾರಿಗೆ ಸಾಲ, ಏಕೆ, ಎಷ್ಟು ಎಂದು ಹಳ್ಳಿಯ ಮಹಿಳೆಯರು ತಾವೇ ಬರೆಸಿದ, ಹೆಬ್ಬೆಟ್ಟು ಒತ್ತಿದ, ಮುಂದೆ ಸಹಿ ಹಾಕಲು ಕಲಿತ ಆ ಪುಟಗಳು ಈ ಚರಿತ್ರೆಯ ಮೂಲ ದಾಖಲೆಗಳು. ಅವು ಗೆದ್ದಲಿನ ಪಾಲಾಗುವ ಮುನ್ನ ನಮ್ಮ ಗ್ರಂಥಾಲಯಗಳ ಕಪಾಟುಗಳನ್ನು ಸೇರಬೇಕು.