ಡೋಲು ಯಾರಿಗಾಗಿ?

ಅತ್ತಾವರದ ಬಾಬುಗುಡ್ಡೆಯಲ್ಲಿ ಕುದ್ಮುಲ್ ರಂಗರಾಯರ ಸಮಾಧಿಯಿದೆ. 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಶಾಲೆ ತೆರೆದವರು ಅವರು. ಆದರೆ ಶಾಲೆ ಬಂದ ಮೇಲೂ ಕೊರಗರು ಊರಿನ ಕಂಬಳಕ್ಕೆ ಡೋಲು ಹೊತ್ತು ಹೋಗುವ ಕಟ್ಟಳೆ ತಪ್ಪಲಿಲ್ಲ. ಅದನ್ನು ಕಾನೂನು ಪ್ರಶ್ನಿಸಲು ಇನ್ನೂ ನೂರು ವರ್ಷ ಬೇಕಾಯಿತು.

ಬುಟ್ಟಿ ಹೆಣೆಯುವ ಕೊರಗರ ಮನೆಗಳಲ್ಲಿ ಡೋಲು ಸಂಭ್ರಮದ ವಾದ್ಯ. ಮರದ ಉದ್ದನೆಯ ಕೊಳವೆ, ಎರಡೂ ಬಾಯಿಗೆ ಚರ್ಮ. ಜೊತೆಗೆ ಕೊಳಲು. ಮದುವೆಗೆ, ತಮ್ಮ ದೈವಗಳ ಆರಾಧನೆಗೆ ಅದು ಬೇಕೇ ಬೇಕು; ಡೋಲು-ಕೊಳಲಿನ ತಂಡಕ್ಕೆ ‘ಗಜಮೇಳ’ ಎಂಬ ಹೆಸರೂ ಉಂಟು. ಜಿಂಬಾಬ್ವೆಯ ಶೋನಾ ಜನರ ‘ನ್ಗೋಮಾ’ ನೆನಪಾಗುತ್ತದೆ. ‘ಬೀರಾ’ ಎಂಬ ಆಚರಣೆಯಲ್ಲಿ ಅವರು ಅದನ್ನು ಬಾರಿಸಿ ತಮ್ಮ ಪೂರ್ವಜರ ಆತ್ಮಗಳನ್ನು ಕರೆಯುತ್ತಾರೆ. ಕೊರಗರ ಡೋಲಿಗೆ ಮಾತ್ರ ಇನ್ನೊಂದು ಬದುಕೂ ಇತ್ತು. ಅಲ್ಲಿ ಕರೆ ಬರುತ್ತಿದ್ದುದು ಗುತ್ತಿನ ಮನೆಯಿಂದ.

ಆ ಬದುಕಿನ ಹೆಸರು ಅಜಲು. ಕಂಬಳದ ಹಿಂದಿನ ರಾತ್ರಿ ಗದ್ದೆಯ ಬಳಿ ಇಬ್ಬನಿಯಲ್ಲಿ ಕೂತು ಕಾಯಬೇಕು. ತುಳುವಿನಲ್ಲಿ ಇದಕ್ಕೆ ‘ಪನಿ ಕುಲ್ಲುನಿ’ ಎನ್ನುತ್ತಾರೆ. ಬೆಳಗಾದರೆ ಡೋಲು. ಕೂಲಿ ಎಂಬುದು ಹೆಸರಿಗಷ್ಟೇ, ಹಲವು ಕಡೆ ಅದೂ ಇಲ್ಲ. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನನ ಸಂಪುಟಗಳಲ್ಲಿ ಕೊರಗರ ಬಗ್ಗೆ ದೀರ್ಘ ಬರಹವಿದೆ. ವಸಾಹತು ಕಾಲದ ಇಂಥ ಬರಹಗಳಿಗೆ ಇವೆಲ್ಲ ವಿಚಿತ್ರ ಪದ್ಧತಿ. ನಮ್ಮ ಜಾನಪದ ಪುಸ್ತಕಗಳೂ ಬಹುಕಾಲ ಡೋಲಿನ ಲಯವನ್ನು ಮೆಚ್ಚಿದವೇ ಹೊರತು ಬಾರಿಸುವವನಿಗೆ ‘ಇಲ್ಲ’ ಎನ್ನುವ ಅವಕಾಶವಿತ್ತೇ ಎಂದು ಕೇಳಿದ್ದು ಕಡಿಮೆ.

ಕೇಳಿದವರು ಕೊರಗರೇ. 1993ರ ಆಗಸ್ಟ್ 18ರಂದು ಅವರು ಭೂಮಿಯ ಹಕ್ಕಿಗಾಗಿ ಮಂಗಳೂರಿನಲ್ಲಿ ಬೀದಿಗಿಳಿದರು. ಮುಂದೆ ಪ್ರೊ. ಮಹಮ್ಮದ್ ಪೀರ್ ಸಮಿತಿ ಪ್ರತಿ ಕುಟುಂಬಕ್ಕೆ ಎರಡೂವರೆ ಎಕರೆ ಜಮೀನು ಶಿಫಾರಸು ಮಾಡಿತು. 2000ದಲ್ಲಿ ಅಜಲು ಪದ್ಧತಿ ನಿಷೇಧ ಕಾಯ್ದೆ ಬಂತು. ಕೂಲಿಯಿಲ್ಲದೆ ದುಡಿಸುವುದು, ಕೂದಲು-ಉಗುರು ಬೆರೆಸಿದ ಅನ್ನ ತಿನ್ನಿಸುವುದು, ಕಂಬಳಕ್ಕೆ ಮೊದಲು ಕೋಣಗಳಂತೆ ಓಡಿಸುವುದು ಇವೆಲ್ಲ ಅಪರಾಧವಾದವು. ಇಂಥವನ್ನು ಕಾಯ್ದೆಯ ಭಾಷೆಯಲ್ಲಿ ಬರೆಯಬೇಕಾಗಿ ಬಂತೆಂಬುದೇ ಒಂದು ಚರಿತ್ರೆ.

ಆಮೇಲೆ ಉಳಿದದ್ದು ಡೋಲಿನ ಪ್ರಶ್ನೆ. ಅವಮಾನದ ಗುರುತೆಂದು ಅದನ್ನು ಕೆಳಗಿಡಬೇಕೆಂದವರಿದ್ದಾರೆ. ವಾದ್ಯ ನಮ್ಮದು, ಬಿಡಬೇಕಾದದ್ದು ಬಿಟ್ಟಿ ಚಾಕರಿಯನ್ನು ಎಂದವರೂ ಇದ್ದಾರೆ. ನನಗೆ ಎರಡನೆಯ ಮಾತು ಹೆಚ್ಚು ಗಟ್ಟಿ ಅನಿಸುತ್ತದೆ, ಆದರೆ ಮೊದಲನೆಯದರ ನೋವನ್ನು ಹೊರಗಿನವರು ತೂಗುವಂತಿಲ್ಲ. ಆಗಸ್ಟ್ 18 ಈಗ ಕೊರಗರ ‘ಭೂಮಿ ಹಬ್ಬ’. ಅದರ ಮೆರವಣಿಗೆಗೆ ಡೋಲು ಬರುತ್ತದೆ, ಯಾರ ಅಪ್ಪಣೆಯೂ ಇಲ್ಲದೆ.

2021ರ ಡಿಸೆಂಬರಿನಲ್ಲಿ ಉಡುಪಿ ಜಿಲ್ಲೆಯ ಕೋಟತಟ್ಟಿನ ಕೊರಗರ ಕಾಲನಿಯೊಂದರಲ್ಲಿ ಮದುವೆಯ ಮೆಹಂದಿ ನಡೆದಿತ್ತು. ಅಲ್ಲಿದ್ದದ್ದು ಡೋಲಲ್ಲ, ಡಿಜೆ. ಸದ್ದು ಹೆಚ್ಚಾಯಿತೆಂದು ಬಂದ ಪೊಲೀಸರು ಲಾಠಿ ಬೀಸಿದರು; ಬಳಿಕ ಎಸ್‌ಐ ಅಮಾನತಾದರು. ಊರಿನ ಕಂಬಳಕ್ಕೆ ಇದೇ ಜನ ರಾತ್ರಿಯಿಡೀ ಬಾರಿಸಿದ ಡೋಲಿನ ಸದ್ದು ಹೆಚ್ಚಾಯಿತೆಂದು ದೂರಿದವರು ನನ್ನ ಓದಿನಲ್ಲಿ ಎಲ್ಲೂ ಸಿಕ್ಕಿಲ್ಲ.