ಬೈಲಕುಪ್ಪೆಯ ಮಾರ್ಚ್ ಹತ್ತು: ನೆಲ ಕಳೆದುಕೊಂಡವರ ರಾಷ್ಟ್ರೀಯ ದಿನಗಳು

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ಮತ್ತು ಹುಣಸೂರು ತಾಲ್ಲೂಕಿನ ಗುರುಪುರದ ಟಿಬೆಟನ್ ಕ್ಯಾಂಪುಗಳಲ್ಲಿ ವರ್ಷಕ್ಕೆ ಐದು ಸಂದರ್ಭಗಳಲ್ಲಿ ಊರಿಗೆ ಊರೇ ಸೇರುತ್ತದೆ: ಹೊಸ ವರ್ಷದ ಲೋಸರ್, ಮಾರ್ಚ್ 10, ದಲೈ ಲಾಮಾ ಅವರ ಜನ್ಮದಿನವಾದ ಜುಲೈ 6, ಸೆಪ್ಟೆಂಬರ್ 2 ಮತ್ತು ಡಿಸೆಂಬರ್ 10. ನಿರಾಶ್ರಿತರು ತಮ್ಮ ನಾಡಿನ ಹಬ್ಬಗಳನ್ನು ಇಲ್ಲಿಯೂ ಬಿಡದೆ ನಡೆಸಿಕೊಂಡು ಬಂದಿದ್ದಾರೆ ಎಂದು ಇದನ್ನು ನೋಡಿದವರು ಸಾಮಾನ್ಯವಾಗಿ ಹೇಳುವುದುಂಟು. ದಿನಾಂಕಗಳನ್ನು ಒಂದೊಂದಾಗಿ ಹಿಡಿದು ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಲೋಸರ್ ಹಳೆಯದು, ದಲೈ ಲಾಮಾ ಜನ್ಮದಿನದ ಆಚರಣೆಗೂ ಟಿಬೆಟ್ಟಿನಲ್ಲಿ ಬೇರಿದೆ. ಉಳಿದ ಮೂರೂ 1959ರ ನಂತರ, ದೇಶ ಬಿಟ್ಟ ಮೇಲೆ ಹುಟ್ಟಿದವು. ಅವು ಅಲ್ಲಿಂದ ಹೊತ್ತು ತಂದ ಹಬ್ಬಗಳಲ್ಲ, ಇಲ್ಲಿ ಕಟ್ಟಿಕೊಂಡ ದಿನಗಳು. ನೆಲವಿಲ್ಲದ ಒಂದು ಸರ್ಕಾರವನ್ನು ಜನರ ಕಣ್ಣೆದುರು ಚಾಲ್ತಿಯಲ್ಲಿಡುವುದು ಅವುಗಳ ಮುಖ್ಯ ಕೆಲಸ, ನೆನಪು ಮಾಡಿಕೊಳ್ಳುವುದು ಆಮೇಲಿನದು ಎಂಬುದು ಈ ಲೇಖನದ ವಾದ.

ಮೊದಲು ನೆಲದ ವಿಷಯ. 1959ರ ಮಾರ್ಚ್ 10ರಂದು ಲ್ಹಾಸಾದಲ್ಲಿ ಜನ ಚೀನಾದ ಆಡಳಿತದ ವಿರುದ್ಧ ಎದ್ದರು. ಆ ತಿಂಗಳ ಕೊನೆಗೆ ದಲೈ ಲಾಮಾ ಭಾರತದ ಗಡಿ ದಾಟಿದರು. ಹಿಂದೆಯೇ ಬಂದ ಸಾವಿರಾರು ಜನರಿಗೆ ನೆಲೆ ಬೇಕೆಂದು ನೆಹರೂ ರಾಜ್ಯಗಳನ್ನು ಕೇಳಿದಾಗ ಮೈಸೂರು ರಾಜ್ಯ ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಕೊಟ್ಟಿತು. ಮೊದಲ ತಂಡಗಳು 1960ರ ಕೊನೆಯಲ್ಲಿ ಬಂದವು. ಕಾಡು ಕಡಿದು, ಆನೆಗಳ ಕಾಟದ ನಡುವೆ ಡೇರೆಗಳಲ್ಲಿದ್ದು ಕಟ್ಟಿದ ಲುಗ್ಸುಂಗ್ ಸಂದುಪ್ಲಿಂಗ್ ಇಲ್ಲಿನ ಮೊದಲ ವಸತಿ. 1969ರಲ್ಲಿ ಪಕ್ಕದಲ್ಲೇ ಡಿಕ್ಕಿ ಲಾರ್ಸೊ, 1972ರಲ್ಲಿ ಗುರುಪುರದ ರಬ್ಗ್ಯೇಲಿಂಗ್ ಎದ್ದವು. ಇಂದು ನಾಡಿನಾದ್ಯಂತ ಗ್ರಾಮಾಭಿವೃದ್ಧಿ ಕೆಲಸಕ್ಕೆ ಹೆಸರಾದ ಮೈರಾಡ 1968ರಲ್ಲಿ ಹುಟ್ಟಿದ್ದು ಈ ಪುನರ್ವಸತಿ ಕೆಲಸಕ್ಕಾಗಿಯೇ. ನೆಲ ಕೊಟ್ಟವರು ಯಾರೆಂದು ಕೇಳಿದರೆ ಟಿಬೆಟನ್ನರು ಕೃತಜ್ಞತೆಯಿಂದ ಹೇಳುವ ಹೆಸರು ಎಸ್. ನಿಜಲಿಂಗಪ್ಪನವರದು. ಆದರೆ 1960ರಲ್ಲಿ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿ, ನಿಜಲಿಂಗಪ್ಪ 1958ರಲ್ಲಿ ಆ ಸ್ಥಾನ ಬಿಟ್ಟು 1962ರಲ್ಲಿ ಮರಳಿದವರು. ನಿಜಲಿಂಗಪ್ಪನವರ ಒಲವು ಕಡಿಮೆಯದಾಗಿತ್ತು ಎಂದು ಇದರ ಅರ್ಥವಲ್ಲ. ವರ್ಷ ವರ್ಷ ವೇದಿಕೆಯಿಂದ ಹೇಳಿದ ಕೃತಜ್ಞತೆ ಒಂದು ಹೆಸರಿಗೆ ಅಂಟಿಕೊಂಡು ಇನ್ನೊಂದನ್ನು ಕೈಬಿಡುತ್ತದೆ. ಆಚರಣೆಯನ್ನು ದಾಖಲೆಯಂತೆ ಓದುವ ಸಂಶೋಧಕ ಇದನ್ನು ಮರೆಯಬಾರದು.

ಮಾರ್ಚ್ 10ರ ಕಾರ್ಯಕ್ರಮದ ಕ್ರಮವನ್ನು ಹತ್ತಿರದಿಂದ ನೋಡಬೇಕು. ಟಿಬೆಟ್ಟಿನ ಹಿಮಸಿಂಹಗಳ ಬಾವುಟ ಏರುತ್ತದೆ, ರಾಷ್ಟ್ರಗೀತೆ ಹಾಡುತ್ತಾರೆ, ಮಡಿದವರಿಗಾಗಿ ಮೌನವಾಗಿ ನಿಲ್ಲುತ್ತಾರೆ, ಆಮೇಲೆ ದೇಶಾಂತರ ಸರ್ಕಾರದ ನೆಲೆಯಾದ ಧರ್ಮಶಾಲೆಯಿಂದ ಬಂದ ಹೇಳಿಕೆಯನ್ನು ಓದುತ್ತಾರೆ. ನನ್ನ ದೃಷ್ಟಿಯಲ್ಲಿ ಇಡೀ ದಿನದ ತಿರುಳು ಈ ಓದಿನಲ್ಲಿದೆ. ಅದೇ ದಿನ, ಅದೇ ಹೇಳಿಕೆಯನ್ನು ಮುಂಡಗೋಡದಲ್ಲಿ, ಲಡಾಖಿನಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ ಇರುವ ಟಿಬೆಟನ್ನರೂ ಕೇಳುತ್ತಾರೆ. ಗಡಿಯಿಲ್ಲದ ಸರ್ಕಾರದ ಮಾತು ಪ್ರಜೆಗಳಿಗೆ ಮುಟ್ಟುವ ಕ್ಷಣ ಅದು. 2011ರವರೆಗೆ ಆ ಹೇಳಿಕೆ ದಲೈ ಲಾಮಾ ಅವರದೇ ಆಗಿತ್ತು. ರಾಜಕೀಯ ಅಧಿಕಾರವನ್ನು ಚುನಾಯಿತ ನಾಯಕನಿಗೆ ಒಪ್ಪಿಸುವ ನಿರ್ಧಾರವನ್ನು ಅವರು ಸಾರಲು ಆರಿಸಿಕೊಂಡದ್ದೂ ಆ ವರ್ಷದ ಮಾರ್ಚ್ 10ನ್ನೇ. ಸೆಪ್ಟೆಂಬರ್ 2 ಇನ್ನೂ ಸ್ಪಷ್ಟವಾದ ನಿದರ್ಶನ. 1960ರ ಆ ದಿನ ದೇಶಾಂತರದ ಮೊದಲ ಜನಪ್ರತಿನಿಧಿಗಳು ಅಧಿಕಾರ ವಹಿಸಿಕೊಂಡದ್ದನ್ನು ಅದು ಪ್ರಜಾಪ್ರಭುತ್ವ ದಿನವಾಗಿ ಗುರುತಿಸುತ್ತದೆ. ಟಿಬೆಟ್ಟಿನ ನೆಲದಲ್ಲಿ ಎಂದೂ ಇರದಿದ್ದ ಸಂಸ್ಥೆಯೊಂದರ ಹುಟ್ಟುಹಬ್ಬ ಅದು. ದೇಶಾಂತರ ಸರ್ಕಾರ ತನ್ನ ಜನರಿಗೆ ಕೊಡುವ, 1972ರಿಂದ ಜಾರಿಯಲ್ಲಿರುವ ಹಸಿರು ಪುಸ್ತಕವನ್ನೂ ಇದರ ಜೊತೆಗಿಟ್ಟು ನೋಡಬೇಕು. ಅದರಲ್ಲಿ ವಂತಿಗೆ ಕಟ್ಟಿದ ಗುರುತಿದ್ದರೆ ಮತ, ಇಲ್ಲದಿದ್ದರೆ ಇಲ್ಲ. ತೆರಿಗೆ, ಮತ, ಬಾವುಟ, ರಾಜ್ಯದ ಮಾತು ಎಲ್ಲವೂ ಇವೆ; ಭೂಪಟದಲ್ಲಿ ಜಾಗ ಮಾತ್ರ ಇಲ್ಲ.

ಇದರ ವಿಶೇಷ ಹೋಲಿಕೆಯಿಂದ ತಿಳಿಯುತ್ತದೆ. ಹೊರನಾಡಿನಲ್ಲಿದ್ದು ಸ್ವಾತಂತ್ರ್ಯ ದಿನ ಆಚರಿಸಿದ ಸಮುದಾಯಗಳಲ್ಲಿ ಜೆಕ್ ಮತ್ತು ಸ್ಲೋವಾಕರ ಕಥೆ ಹೆಸರಾದದ್ದು. ಅವರ ರಾಜ್ಯವೇ ಒಂದು ಅರ್ಥದಲ್ಲಿ ಹೊರನಾಡಿನಲ್ಲಿ ಮೊಳೆಯಿತು. ಅಮೆರಿಕದಲ್ಲಿ ನೆಲೆಸಿದ್ದ ಎರಡೂ ಸಮುದಾಯಗಳ ಸಂಘಗಳು 1915ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ, 1918ರ ಮೇ ತಿಂಗಳಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಒಪ್ಪಂದಕ್ಕೆ ಬಂದವು. ಅದೇ ವರ್ಷದ ಅಕ್ಟೋಬರ್ 28ರಂದು ಪ್ರಾಗ್‌ನಲ್ಲಿ ಚೆಕೊಸ್ಲೊವಾಕಿಯಾ ಘೋಷಣೆಯಾಯಿತು. ಕಮ್ಯುನಿಸ್ಟ್ ಆಡಳಿತ ಬಂದ ಮೇಲೆ ಅದೇ ಅಕ್ಟೋಬರ್ 28 ತವರಿನಲ್ಲಿ ಉದ್ಯಮಗಳ ರಾಷ್ಟ್ರೀಕರಣದ ದಿನವಾಗಿ ಬಣ್ಣ ಬದಲಿಸಿತು. ಸ್ವಾತಂತ್ರ್ಯ ದಿನವೆಂಬ ಮೂಲ ಅರ್ಥವನ್ನು ಹಲವು ದಶಕ ಬಹಿರಂಗವಾಗಿ ಉಳಿಸಿಕೊಂಡವರು ಹೊರಗಿದ್ದವರು. 1993ರ ಜನವರಿ 1ರಂದು ದೇಶ ಎರಡಾದ ಮೇಲೂ ಹೊರನಾಡಿನ ಹಲವು ಸಂಘಗಳು ಎರಡೂ ಹೆಸರನ್ನು ಒಟ್ಟಿಗೆ ಇಟ್ಟುಕೊಂಡಿವೆ. ಟಿಬೆಟನ್ನರೊಂದಿಗೆ ಇವರನ್ನು ಹೋಲಿಸುವುದೇ ತಪ್ಪು, ಅಮೆರಿಕಕ್ಕೆ ಹೋದ ಜೆಕ್ಕರು ಹೆಚ್ಚಿನವರು ದುಡಿಮೆ ಹುಡುಕಿ ಹೋದವರು ಎಂಬ ಆಕ್ಷೇಪ ಬರಬಹುದು. 1914ಕ್ಕೆ ಮುಂಚಿನವರ ಮಟ್ಟಿಗೆ ಅದು ನಿಜ. 1948ರ ಕಮ್ಯುನಿಸ್ಟ್ ಅಧಿಕಾರಗ್ರಹಣ ಮತ್ತು 1968ರ ಸೋವಿಯತ್ ದಾಳಿಯ ನಂತರ ಹೊರಟವರು ಮಾತ್ರ ಬೈಲಕುಪ್ಪೆಯವರಂತೆ ಬಾಗಿಲು ಮುಚ್ಚಿದ ಮೇಲೆ ಹೊರಗುಳಿದವರು. ಜೆಕ್ಕರೇ ಈ ಹೋಲಿಕೆಯನ್ನು ಒಪ್ಪಿದಂತಿದೆ: ವಾಕ್ಲಾವ್ ಹಾವೆಲ್ ಅಧ್ಯಕ್ಷರಾದ ಕೆಲವೇ ವಾರಗಳಲ್ಲಿ, 1990ರಲ್ಲಿ, ದಲೈ ಲಾಮಾರನ್ನು ಪ್ರಾಗ್‌ಗೆ ಕರೆಸಿಕೊಂಡರು, 1996ರಿಂದ ಆ ದೇಶದ ಊರುಗಳ ಪುರಭವನಗಳು ಮಾರ್ಚ್ 10ರಂದು ಟಿಬೆಟ್ ಬಾವುಟ ಹಾರಿಸುವ ರೂಢಿ ಬೆಳೆದು ನೂರಾರು ಊರುಗಳಿಗೆ ಹಬ್ಬಿದೆ.

ಹೋಲಿಕೆ ಮುರಿಯುವ ಜಾಗ ಬೇರೆ. ಜೆಕ್ಕರು ಆಚರಿಸುವುದು ಸ್ವಾತಂತ್ರ್ಯ ಬಂದ ದಿನವನ್ನು. ಟಿಬೆಟನ್ನರು ಆಚರಿಸುವುದು ಬಂಡಾಯ ಎದ್ದು ಸೋತ ದಿನವನ್ನು. ಬೇಕಿದ್ದರೆ ಅವರಿಗೂ ಒಂದು ಸ್ವಾತಂತ್ರ್ಯ ದಿನ ಉಂಟು: 13ನೆಯ ದಲೈ ಲಾಮಾ 1913ರ ಫೆಬ್ರವರಿಯಲ್ಲಿ ಹೊರಡಿಸಿದ ಘೋಷಣೆಯ ದಿನ. ಯುವ ಹೋರಾಟಗಾರರ ಸಂಘಟನೆಗಳು ಫೆಬ್ರವರಿ 13ನ್ನು ಸ್ವಾತಂತ್ರ್ಯ ದಿನವೆಂದೇ ಆಚರಿಸುತ್ತವೆ. ಆದರೂ ಕ್ಯಾಂಪುಗಳ ದೊಡ್ಡ ದಿನಗಳ ಸಾಲಿಗೆ ಅದು ಸೇರಿಲ್ಲ. 1988ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ದಲೈ ಲಾಮಾ ಮುಂದಿಟ್ಟ ಪ್ರಸ್ತಾವದಿಂದೀಚೆಗೆ ಧರ್ಮಶಾಲೆಯ ಅಧಿಕೃತ ಬೇಡಿಕೆ ಚೀನಾದೊಳಗಿನ ನಿಜವಾದ ಸ್ವಾಯತ್ತತೆ, ಸ್ವಾತಂತ್ರ್ಯವಲ್ಲ. ಸ್ವಾಯತ್ತತೆ ಕೇಳುವ ಆಡಳಿತ ಸ್ವಾತಂತ್ರ್ಯ ದಿನಕ್ಕೆ ರಜೆ ಕೊಡಲಾರದು. ಹಾಗಾಗಿ ಒಂದು ದಿನ ಹೊರಬೇಕಿದ್ದ ಭಾರವನ್ನು ಐದು ದಿನಗಳು ಹಂಚಿಕೊಂಡಿವೆ.

ಬೌದ್ಧ ಸಮಾಜದಲ್ಲಿ ಎಲ್ಲವೂ ಧರ್ಮವೇ, ಸೇರಾ ಮಠದ ಸಾವಿರಾರು ಭಿಕ್ಷುಗಳಿರುವ ಊರಿನ ಹಬ್ಬಗಳಿಗೆ ರಾಜ್ಯದ ಅರ್ಥ ಹಚ್ಚುವುದು ಹೊರಗಿನವರ ಉಸಾಬರಿ ಎಂಬ ಆಕ್ಷೇಪವೂ ಇದೆ. ಇದಕ್ಕೆ ಉತ್ತರವನ್ನು ಅತ್ಯಂತ ಧಾರ್ಮಿಕ, ಅತ್ಯಂತ ಮನೆಯ ಹಬ್ಬವಾದ ಲೋಸರ್‌ನಲ್ಲೇ ಹುಡುಕಬೇಕು. ಹಬ್ಬಕ್ಕೆ ಮುನ್ನ ನಾಮ್ದ್ರೋಲಿಂಗ್ ಮಠದ ಅಂಗಳದಲ್ಲಿ ಮುಖವಾಡದ ಲಾಮಾ ನೃತ್ಯ. ಟಿಬೆಟನ್ ಪಂಚಾಂಗದ ಹನ್ನೆರಡನೆಯ ತಿಂಗಳ 29ರ ರಾತ್ರಿ ಮನೆಮನೆಯಲ್ಲಿ ಗುತುಕ್ ಎಂಬ ಗಂಜಿ. ಅದರಲ್ಲಿ ಮುಳುಗಿಸಿದ ದಪ್ಪ ಹಿಟ್ಟಿನುಂಡೆಗಳನ್ನು ಒಬ್ಬೊಬ್ಬರೇ ಒಡೆದಾಗ ಮೆಣಸಿನಕಾಯಿ ಸಿಕ್ಕವನು ಬಾಯಿಬಡುಕ, ಇದ್ದಿಲು ಸಿಕ್ಕವನ ಮನಸ್ಸು ಕಪ್ಪು, ಉಣ್ಣೆ ಸಿಕ್ಕವನು ಮೃದು ಹೃದಯಿ ಎಂದು ನಕ್ಕು ನಲಿಯುತ್ತಾರೆ. ಹೊಸ ವರ್ಷದ ಬೆಳಿಗ್ಗೆ ಎಣ್ಣೆಯಲ್ಲಿ ಕರಿದ ಖಪ್ಸೆಯನ್ನು ದೇವರ ಮುಂದೆ ಅಟ್ಟಿಯಂತೆ ಜೋಡಿಸಿ, ಹುರಿಹಿಟ್ಟು ತುಂಬಿದ ಚೆಮರ್ ಪೆಟ್ಟಿಗೆಯಿಂದ ಚಿಟಿಕೆ ತೆಗೆದು ಗಾಳಿಗೆ ತೂರುತ್ತಾರೆ. ಇಷ್ಟು ಸಡಗರದ ಹಬ್ಬವನ್ನು 2009ರಲ್ಲಿ ಟಿಬೆಟನ್ನರು ಬೇಕೆಂದೇ ಬಿಟ್ಟರು. ಹಿಂದಿನ ವರ್ಷ ಟಿಬೆಟ್ಟಿನಲ್ಲಿ ನಡೆದ ಪ್ರತಿಭಟನೆಗಳನ್ನು ಹತ್ತಿಕ್ಕಿದ್ದಕ್ಕೆ ಶೋಕ ಅದು. 2012ರಲ್ಲಿ, ಟಿಬೆಟ್ಟಿನಿಂದ ಆತ್ಮಾಹುತಿಗಳ ಸುದ್ದಿ ಬರುತ್ತಿದ್ದಾಗ, ಪೂಜೆ ಮಾಡಿ, ಸಂಭ್ರಮ ಬೇಡ ಎಂದು ಚುನಾಯಿತ ನಾಯಕ ಲೋಬ್ಸಾಂಗ್ ಸಾಂಗೇ ಕೇಳಿಕೊಂಡರು. ಪೂಜೆಯನ್ನೂ ಸಂಭ್ರಮವನ್ನೂ ಬೇರೆ ಮಾಡಿ, ಒಂದನ್ನು ಉಳಿಸಿ ಇನ್ನೊಂದನ್ನು ತಡೆದ ಆ ಮಾತು ಮಠಾಧಿಪತಿಯದಲ್ಲ, ಮತ ಪಡೆದು ಗೆದ್ದವನದು.

ಹಾಗೆಂದು ಎಲ್ಲವೂ ಧರ್ಮಶಾಲೆಯ ಆಜ್ಞೆಯಂತೆ ನಡೆಯುತ್ತದೆ ಎಂದುಕೊಳ್ಳಬೇಕಿಲ್ಲ. ಯಾವ ದಿನಕ್ಕೆ ಎಷ್ಟು ಜನ ಎಂಬುದರಲ್ಲಿ ಇಲ್ಲಿನ ಮಳೆ ಮತ್ತು ಮಾರುಕಟ್ಟೆಗೂ ಪಾಲಿದೆ. ಬಾರ್ಲಿ ಬೆಳೆಯುತ್ತಿದ್ದವರು ಇಲ್ಲಿ ಮುಂಗಾರಿನ ಮುಸುಕಿನ ಜೋಳಕ್ಕೆ ಒಗ್ಗಿಕೊಂಡರು. ಜೋಳ ಕಟಾವಾದ ಮೇಲೆ ಮನೆಯ ದುಡಿಯುವವರು ಸ್ವೆಟರ್ ವ್ಯಾಪಾರಕ್ಕೆ ಊರೂರು ಹೊರಡುತ್ತಾರೆ. ಚಳಿ ಇಳಿಯುವವರೆಗೆ ಕ್ಯಾಂಪಿನಲ್ಲಿ ಉಳಿಯುವವರು ಮುದುಕರು, ಮಕ್ಕಳು, ಭಿಕ್ಷುಗಳು. 1989ರ ನೊಬೆಲ್ ಶಾಂತಿ ಪ್ರಶಸ್ತಿಯನ್ನು ನೆನೆಯುವ ಡಿಸೆಂಬರ್ 10 ಬೀಳುವುದು ಸರಿಯಾಗಿ ಈ ಖಾಲಿ ತಿಂಗಳುಗಳಲ್ಲಿ. ಅದು ಶಾಲೆ ಮತ್ತು ಮಠಗಳ ದಿನವಾಗಿ ಉಳಿಯುವುದರಲ್ಲಿ ಆಶ್ಚರ್ಯವಿಲ್ಲ. ವ್ಯಾಪಾರ ಮುಗಿಸಿ ಕೈಯಲ್ಲಿ ನಾಲ್ಕು ಕಾಸಿಟ್ಟುಕೊಂಡು ಎಲ್ಲರೂ ಮನೆ ಸೇರುವುದು ಲೋಸರ್‌ಗೆ; ಅದರ ಬೆನ್ನಿಗೇ ಮಾರ್ಚ್ 10. ಬಂಡಾಯದ ದಿನಕ್ಕೆ ಇಲ್ಲಿ ಇಷ್ಟು ಜನಬಲ ಬಂದದ್ದರಲ್ಲಿ ಸ್ವೆಟರ್ ಸೀಸನ್ನಿನ ಕೈಯೂ ಇದೆ ಎಂದರೆ ಹೋರಾಟವನ್ನು ಹಗುರ ಮಾಡಿದಂತಾಗುವುದಿಲ್ಲ.

ಇವು ಆತಿಥೇಯ ನೆಲದಲ್ಲಿ ಮುಚ್ಚಿದ ಗೋಡೆಯೊಳಗಿನ ಆಚರಣೆಗಳೇ? ಮಾರ್ಚ್ 10ರ ಮಾತು ಹೆಚ್ಚಾಗಿ ಬೀಜಿಂಗ್ ಮತ್ತು ಜಗತ್ತಿನ ಕಡೆಗೆ ತಿರುಗಿರುತ್ತದೆ, ಸುತ್ತಲಿನ ಹಳ್ಳಿಯವರು ಅದಕ್ಕೆ ಕಿವಿಗೊಡಬೇಕಿಲ್ಲ. ಜುಲೈ 6 ಬೇರೆ ಸ್ವಭಾವದ್ದು: ಸ್ಥಳೀಯ ಜನಪ್ರತಿನಿಧಿಗಳನ್ನು, ಅಧಿಕಾರಿಗಳನ್ನು ಕರೆದು ಊಟ ಹಾಕುವ ದಿನ. 2018ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ದಲೈ ಲಾಮಾ ಅವರ ಸಮ್ಮುಖದಲ್ಲಿ ಕರ್ನಾಟಕಕ್ಕೆ ಧನ್ಯವಾದ ಹೇಳಿದ ಸಮಾರಂಭ ಇದೇ ಜಾತಿಗೆ ಸೇರಿದ್ದು. ಕ್ಯಾಂಪಿನ ಶಾಲೆಗಳಲ್ಲಿ ಆಗಸ್ಟ್ 15ರಂದು ತ್ರಿವರ್ಣ ಧ್ವಜವೂ ಏರುತ್ತದೆ. 1950ರ ಜನವರಿ 26ರಿಂದ 1987ರ ಜುಲೈ 1ರ ನಡುವೆ ಇಲ್ಲಿ ಹುಟ್ಟಿದ ಟಿಬೆಟನ್ನರು ಕಾನೂನಿನ ಪ್ರಕಾರ ಭಾರತದ ಪ್ರಜೆಗಳೆಂದು ದೆಹಲಿ ಹೈಕೋರ್ಟ್ 2010ರಲ್ಲಿ, ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿದ ಮೇಲೆ, ಮತಪಟ್ಟಿಯ ಬಾಗಿಲೂ ಅವರಿಗೆ ತೆರೆಯಿತು. ಬಯಸಿ ಹೆಸರು ಸೇರಿಸಿಕೊಂಡವರಿದ್ದಾರೆ, ಪ್ರಜೆಯಾದರೆ ಟಿಬೆಟ್ಟಿನ ಹಕ್ಕು ಬಿಟ್ಟುಕೊಟ್ಟಂತೆ ಎಂದು ದೂರ ಉಳಿದವರೂ ಇದ್ದಾರೆ. ಹೆಸರು ಸೇರಿಸಿಕೊಂಡವರು ಮಾರ್ಚ್ 10ರ ಮೆರವಣಿಗೆಯಿಂದ ಹೊರಬಿದ್ದಿಲ್ಲ; ಪಿರಿಯಾಪಟ್ಟಣ ಕ್ಷೇತ್ರದ ಶಾಸಕನಿಗೆ ಮತ ಹಾಕಿದ ಕೈಯಲ್ಲೇ ಹಿಮಸಿಂಹದ ಬಾವುಟ ಹಿಡಿದು ನಡೆಯಲು ಅವರಿಗೆ ಅಡ್ಡಿಯಿಲ್ಲ.