ಎಣ್ಣೆ ಸೋರುವ ಪಂಪು, ಹೇಳದೆ ಕೆಡುವ ಪಂಪು: ಸಣ್ಣ ವಿಮಾನದ ನಿರ್ವಾತ ವ್ಯವಸ್ಥೆಯ ನಿರ್ವಹಣೆಯ ಇತಿಹಾಸ

ಸೊಲ್ಲಾಪುರ, ಅಕ್ಕಲಕೋಟೆ, ಮಂಗಳವೇಢೆ ಕಡೆಯವರು ಇವತ್ತು ಹೆಚ್ಚು ಕೂಡಿದ್ದೀರಿ. ವಿಮಾನದ ಪಂಪಿಗೂ ನಮ್ಮ ಸೀಮೆಗೂ ಏನು ಸಂಬಂಧ ಅಂತ ಅನಿಸಬಹುದು. ಸಂಬಂಧ ಐತ್ರಿ. ವಾಲಚಂದ ಹಿರಾಚಂದ ಹುಟ್ಟಿದ್ದು 1882ರಲ್ಲಿ, ಸೊಲ್ಲಾಪುರದಲ್ಲಿ. ಮೈಸೂರು ಸರಕಾರದ ಜೊತೆ ಸೇರಿ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಕಟ್ಟಿದವರು ಅವರೇ. 1942ರಲ್ಲಿ ಅದು ಭಾರತ ಸರಕಾರದ ಕೈಗೆ ಹೋಯಿತು. 1943ರಲ್ಲಿ ಅಮೆರಿಕದ ಸೇನಾ ವಾಯುಪಡೆ ಅದನ್ನು ತನ್ನ ರಿಪೇರಿ ಡಿಪೋ ಮಾಡಿಕೊಂಡಿತು.

ಆ ಕಾರ್ಖಾನೆಯ ಕಥೆಯನ್ನು ನಾವು ತಯಾರಾದ ವಿಮಾನಗಳ ಪಟ್ಟಿಯಾಗಿ ಹೇಳುತ್ತೇವೆ: 1951ರಲ್ಲಿ ಎಚ್‌ಟಿ-2 ಹಾರಿತು, 1958ರಲ್ಲಿ ಪುಷ್ಪಕ್ ಹಾರಿತು. ಆದರೆ ಅದಕ್ಕೂ ಮೊದಲು, ಯುದ್ಧದ ವರ್ಷಗಳಲ್ಲಿ, ಅಲ್ಲಿಯ ದೊಡ್ಡ ಕೆಲಸ ಬೇರೆ ಇತ್ತು: ಬಿಚ್ಚುವುದು, ತೊಳೆಯುವುದು, ಸವೆದದ್ದನ್ನು ಬದಲಿಸುವುದು, ಮತ್ತೆ ಜೋಡಿಸುವುದು. ನಮ್ಮ ಭಾಗದ ವಿಮಾನ ಕೈಗಾರಿಕೆ ರಿಪೇರಿಯ ಮೂಲಕವೇ ಬೆಳೆಯಿತು. ಆ ರಿಪೇರಿ ಕೆಲಸದ ಸ್ವರೂಪ ಹೇಗೆ ಬದಲಾಯಿತು ಅನ್ನುವುದನ್ನು ಒಂದೇ ಬಿಡಿಭಾಗ ಹಿಡಿದು ನೋಡುವುದು ಇವತ್ತಿನ ಉದ್ದೇಶ.

ಮೊದಲು ಕೆಲಸದ ವಿವರ. ವಿಮಾನ ಮೋಡದೊಳಗೆ ಹೊಕ್ಕಾಗ ಪೈಲಟ್‌ಗೆ ನೆಲ ಕಾಣುವುದಿಲ್ಲ. ಕಿವಿಯೊಳಗಿನ ಸಮತೋಲದ ಅಂಗ ಸುಳ್ಳು ಹೇಳುತ್ತದೆ. ವಾಲಿದ್ದರೂ ನೆಟ್ಟಗಿದ್ದೇವೆ ಅನಿಸುತ್ತದೆ. ಆಗ ದಾರಿ ತೋರಿಸುವುದು ಒಳಗೆ ಬಿರುಸಾಗಿ ತಿರುಗುವ ಗೈರೋ ಇರುವ ಉಪಕರಣಗಳು, ಮುಖ್ಯವಾಗಿ ಕೃತಕ ದಿಗಂತ ಮತ್ತು ದಿಕ್ಕು ಸೂಚಕ. 1929ರ ಸೆಪ್ಟೆಂಬರ್ 24ರಂದು ಅಮೆರಿಕದ ಜಿಮ್ಮಿ ಡೂಲಿಟಲ್ ಹೊರಗೆ ಏನೂ ಕಾಣದಂತೆ ಮುಚ್ಚಿದ ಕಾಕ್‌ಪಿಟ್‌ನಲ್ಲಿ ಕೂತು, ಸ್ಪೆರಿಯವರ ಇಂಥ ಉಪಕರಣ ನೋಡಿಯೇ ಏರಿ, ಹಾರಿ, ಇಳಿದು ತೋರಿಸಿದ.

ಈ ಗೈರೋಗಳನ್ನು ತಿರುಗಿಸುವುದು ಗಾಳಿ. ಒಂದು ಕಡೆಯಿಂದ ಗಾಳಿ ಎಳೆದರೆ, ಕ್ಯಾಬಿನ್ ಗಾಳಿ ಫಿಲ್ಟರ್ ದಾಟಿ ಉಪಕರಣದೊಳಗೆ ನುಗ್ಗಿ ಚಕ್ರವನ್ನು ಹೊಡೆದು ತಿರುಗಿಸುತ್ತದೆ. ಇದಕ್ಕೆ ‘ನಿರ್ವಾತ’ ಅನ್ನುತ್ತೇವೆ. ಶೂನ್ಯದ ಮಾತು ಕೇಳಿ ಬೆಳೆದ ಸೊನ್ನಲಿಗೆಯವರಿಗೆ ಒಂದು ಮಾತು: ಇದು ಪೂರ್ತಿ ಶೂನ್ಯ ಅಲ್ಲ. ಹೊರಗಿನ ಒತ್ತಡಕ್ಕಿಂತ ಪಾದರಸದ ಸುಮಾರು ಐದು ಇಂಚಿನಷ್ಟು ಕಡಿಮೆ, ಅಷ್ಟೇ.

ಎಳೆಯುವ ಸಾಧನ ಮೂರು ಹಂತ ದಾಟಿದೆ. ಮೊದಲನೆಯದು ವೆಂಚುರಿ, ವಿಮಾನದ ಹೊರಮೈಗೆ ಕೂಡಿಸಿದ ನಡು ಸಣ್ಣಗಿನ ಕೊಳವೆ. ಚಲಿಸುವ ಭಾಗವೇ ಇಲ್ಲ. ಆದರೆ ವಿಮಾನ ವೇಗ ಹಿಡಿಯದೆ ಅದು ಎಳೆಯದು, ಹಿಮ ಕಟ್ಟಿದರೆ ಮುಚ್ಚಿಹೋಗುತ್ತದೆ. ದೋಷ ಮಾತ್ರ ಕಣ್ಣಿಗೇ ಕಾಣುತ್ತದೆ.

ಎರಡನೆಯದು ಎಂಜಿನ್ ತಿರುಗಿಸುವ ಒದ್ದೆ ಪಂಪು. ಎಂಜಿನ್ ಎಣ್ಣೆಯೇ ಇದಕ್ಕೂ ಜಾರು. ಭಾರ ಹೆಚ್ಚು, ಎಣ್ಣೆ ಹೊರಗೆ ಉಗುಳಿ ವಿಮಾನದ ಹೊಟ್ಟೆಯೆಲ್ಲ ಹೊಲಸು. ಆದರೆ ಸೊಲ್ಲಾಪುರದ ಗಿರಣಿಯಲ್ಲಿ ದುಡಿದ ಮನೆತನದವರಿಗೆ ಹೇಳಬೇಕಾಗಿಲ್ಲ: ಎಣ್ಣೆ ಸೋರುವ ಯಂತ್ರ ಕೆಡುವ ಮೊದಲು ಸುಳಿವು ಕೊಡುತ್ತದೆ. ಮೆಕ್ಯಾನಿಕ್ ಒರೆಸುವಾಗಲೇ ಹುಷಾರಾಗುತ್ತಿದ್ದ.

ಮೂರನೆಯದು, 1960ರ ದಶಕದಿಂದ ಸಣ್ಣ ವಿಮಾನಗಳಲ್ಲಿ ಹರಡಿದ ಒಣ ಪಂಪು. ಒಳಗಿನ ಇಂಗಾಲದ ಹಲಗೆಗಳು ತಿರುಗುತ್ತ ಸವೆದು, ಆ ಪುಡಿಯೇ ಜಾರು ಆಗುತ್ತದೆ. ಹಗುರ, ಅಗ್ಗ, ಚೊಕ್ಕ. ಆದರೆ ಹಲಗೆ ಮುರಿದ ದಿನ ಪಂಪು ಒಮ್ಮೆಲೇ ಬಿಗಿದುಕೊಳ್ಳುತ್ತದೆ. ಎಂಜಿನ್‌ಗೆ ಪೆಟ್ಟಾಗಬಾರದೆಂದು ನಡುವಿನ ಜೋಡಣೆ ತಾನೇ ತುಂಡಾಗುತ್ತದೆ. ಎಂಜಿನ್ ಶಬ್ದ ಬದಲಾಗುವುದಿಲ್ಲ. ಗೈರೋ ಕೂಡ ತಕ್ಷಣ ನಿಲ್ಲುವುದಿಲ್ಲ. ಕೆಲವು ನಿಮಿಷ ನಿಧಾನವಾಗುತ್ತ, ದಿಗಂತ ಮೆಲ್ಲಗೆ ವಾಲುತ್ತದೆ. ಮೋಡದಲ್ಲಿರುವ ಪೈಲಟ್ ಆ ಸುಳ್ಳು ದಿಗಂತವನ್ನು ನಂಬಿ ಹಿಂಬಾಲಿಸಿದರೆ ಜೀವಕ್ಕೇ ಕುತ್ತು. ಅದಕ್ಕೇ ತಿರುವು ಸೂಚಕವನ್ನು ಸಾಮಾನ್ಯವಾಗಿ ಬೇಕಂತಲೇ ವಿದ್ಯುತ್ತಿನ ಮೇಲೆ ಇಡುತ್ತಾರೆ. ಮುಂದೆ ಕೆಲವು ವಿಮಾನಗಳಿಗೆ ಎರಡೆರಡು ಪಂಪು ಬಂದವು.

ಇಲ್ಲಿ ನನ್ನ ವಾದ ಇಷ್ಟು. ಒಣ ಪಂಪು ಬಂದಾಗ ಬದಲಾದದ್ದು ಯಂತ್ರ ಒಂದೇ ಅಲ್ಲ, ನಿರ್ವಹಣೆಯ ಬಗೆಯೇ ಬದಲಾಯಿತು. ಮೊದಲು ಕಣ್ಣು, ಕೈ, ಮೂಗು ಮಾಡುತ್ತಿದ್ದ ಕೆಲಸದ ದೊಡ್ಡ ಪಾಲು ಲೆಕ್ಕದ ಪುಸ್ತಕಕ್ಕೆ ಹೋಯಿತು. ಸುಳಿವು ಕೊಡದ ಯಂತ್ರಕ್ಕೆ ದಿನ, ಗಂಟೆ ಎಣಿಸಬೇಕು. ರೆಗ್ಯುಲೇಟರ್‌ನ ಸಣ್ಣ ಫಿಲ್ಟರ್ ಸಾಮಾನ್ಯವಾಗಿ 100 ಗಂಟೆಗೆ, ಮುಖ್ಯ ಫಿಲ್ಟರ್ 500 ಗಂಟೆಗೆ, ಇಲ್ಲವೆ ವರ್ಷಕ್ಕೊಮ್ಮೆ. ಪಂಪು ಕೆಡುವ ತನಕ ಕಾಯದೆ ತಯಾರಕರು ಹೇಳಿದ ಅವಧಿಗೆ.

ಕೈಯ ಜಾಣತನ ಇಲ್ಲಿ ಕೆಲವೊಮ್ಮೆ ತಿರುಗಿಬೀಳುತ್ತದೆ, ನೋಡ್ರಿ. ಫಿಲ್ಟರ್ ಕಟ್ಟಿಕೊಂಡು ಮಾಪಕದ ಸೂಜಿ ಇಳಿದಿರುತ್ತದೆ. ರೆಗ್ಯುಲೇಟರ್ ತಿರುಗಿಸಿ ಸೂಜಿ ಏರಿಸಿದರೆ ಲೆಕ್ಕ ಸರಿ ಕಾಣುತ್ತದೆ; ಆದರೆ ರೋಗ ಮುಚ್ಚಿಹೋಗಿ ಪಂಪಿನ ಹೊರೆ ಏರುತ್ತದೆ. ಎಂಜಿನ್ ತೊಳೆಯುವಾಗ ಪಂಪು ಮುಚ್ಚದಿದ್ದರೆ ದ್ರಾವಣ ಒಳಗಿಳಿದು ಇಂಗಾಲದ ಪುಡಿ ಕೆಸರಾಗುತ್ತದೆ. ಹಳೆಯ ಪಂಪಿನ ಚೂರುಗಳನ್ನು ಕೊಳವೆಯಿಂದ ತೆಗೆಯದೆ ಹೊಸದನ್ನು ಕೂಡಿಸಿದರೆ ಅದೂ ಬೇಗ ಸಾಯುತ್ತದೆ. ಜೋಡಣೆಗೆ ಟೆಫ್ಲಾನ್ ಟೇಪ್ ಸುತ್ತುವಂತಿಲ್ಲ, ಅದರ ಎಳೆ ಒಳಗೆ ಸೇರುತ್ತದೆ. ಈಚಿನ ಕೆಲವು ಪಂಪುಗಳಿಗೆ ಸವೆತ ನೋಡಲು ಚಿಕ್ಕ ಕಿಂಡಿ ಇಟ್ಟಿದ್ದಾರೆ. ಕಳೆದುಹೋದ ಸುಳಿವನ್ನು ತಯಾರಕರೇ ಮರಳಿ ಕೊಡಬೇಕಾಯಿತು.

ಈಗ ನಾಲ್ಕನೆಯ ಹಂತ ನಡೆದಿದೆ. 2021ರ ಸೆಪ್ಟೆಂಬರ್ 3ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿದ ಎನ್‌ಎಎಲ್‌ನ ಹಂಸ-ಎನ್‌ಜಿ ತರಬೇತಿ ವಿಮಾನದಲ್ಲಿ ಡಿಜಿಟಲ್ ಪರದೆಗಳಿವೆ. ಇಂಥ ಪರದೆಗಳು ಬಂದಲ್ಲಿ ಗಾಳಿಯಿಂದ ತಿರುಗುವ ಗೈರೋಗಳಿಗೆ ಕೆಲಸ ಕಡಿಮೆ. ಹಳೆಯ ತರಬೇತಿ ವಿಮಾನಗಳು ಒಂದೊಂದಾಗಿ ನಿವೃತ್ತಿಯಾದಂತೆ ಈ ಪಂಪಿನ ವಿದ್ಯೆಯೂ ಹೋಗುತ್ತದೆ.

ಉಳಿಯುವ ಆಧಾರ ಲಾಗ್ ಪುಸ್ತಕ. ಮಂಗಳವೇಢೆಯವರಿಗೆ ಶಾಸನ ಓದುವುದು ಹೊಸದಲ್ಲ. ದಾನಶಾಸನದಲ್ಲಿ ಕಾಲ, ಕೊಟ್ಟವರು, ಕೊಟ್ಟದ್ದು, ಸಾಕ್ಷಿ ಇರುವಂತೆ ಲಾಗ್‌ನಲ್ಲಿ ದಿನಾಂಕ, ಹಾರಿದ ಗಂಟೆ, ಬದಲಿಸಿದ ಭಾಗ, ಹೊಣೆ ಹೊತ್ತ ಎಂಜಿನಿಯರ್ ಸಹಿ ಇರುತ್ತದೆ. ಸವೆತದ ಚರಿತ್ರೆ, ಕೆಲಸಗಾರರ ಚರಿತ್ರೆ ಎರಡನ್ನೂ ಅದರಿಂದ ಬರೆಯಬಹುದು. ನಿಮ್ಮ ಕಡೆ ಗಿರಣಿ, ವರ್ಕ್‌ಶಾಪ್, ಹ್ಯಾಂಗರ್‌ನಲ್ಲಿ ದುಡಿದವರ ಮನೆಯಲ್ಲಿ ಇಂಥ ಪುಸ್ತಕ, ಟಿಪ್ಪಣಿ ಇದ್ದರೆ ರದ್ದಿಗೆ ಹಾಕಬೇಡಿ. ಕಾಣದ ದೋಷವನ್ನು ಎಣಿಕೆಯಿಂದ ಕಾದವರ ಚರಿತ್ರೆ ಅದರಲ್ಲಿದೆ. ಇನ್ನು ನಿಮ್ಮ ಪ್ರಶ್ನೆ ಕೇಳ್ರಿ.